ಹೆಂಚಿನ ಮನೆಯ ಊದು, ಪೀಣ್ಯದ ಕೋಣೆಯಲ್ಲಿ

ಗುರುವಾರ ಮಗ್ರಿಬ್ ಆದ ಮೇಲೆ ಪೀಣ್ಯದ ನಮ್ಮ ಓಣಿಯಲ್ಲಿ ನಡೆದರೆ ನಮ್ಮವರ ಮನೆ ಯಾವುದೆಂದು ಕೇಳಬೇಕಾಗಿಲ್ಲ, ವಾಸನೆಯೇ ಹೇಳುತ್ತದೆ. ಒಂದು ಕಡೆ ಗಲ್ಫಿನಿಂದ ಅಣ್ಣ ತಂದ ಬಖೂರ್, ಇನ್ನೊಂದು ಕಡೆ ಕೆಂಡದ ಮೇಲೆ ಸಾಂಬ್ರಾಣಿ. ಊರು ಬಿಟ್ಟು ಬಂದವರಿಗೆ ಅದರಲ್ಲಿ ಉಮ್ಮನ ನೆನಪಿದೆ. ಬಿಟ್ಟುಬಿಡಿ ಎನ್ನಲು ನಮಗೂ ಮನಸ್ಸಿಲ್ಲ.

ಆದರೆ ಊರಿನ ಮನೆಗೆ ಹೆಂಚಿನ ಮಾಡು. ಸಂದಿನಲ್ಲಿ ಹೊಗೆ ತಾನಾಗಿ ಹೊರಗೆ ಹೋಗುತ್ತಿತ್ತು. ಇಲ್ಲಿ ತಾರಸಿ, ಹತ್ತಡಿ ಕೋಣೆ, ಒಂದೇ ಕಿಟಕಿ. ಅದನ್ನೂ ಕಾರ್ಖಾನೆ ವಾಸನೆ, ಲಾರಿ ಧೂಳು, ಸೊಳ್ಳೆ ಅಂತ ಮುಚ್ಚಿಡುತ್ತೇವೆ. ಹೊರಗಿನ ಧೂಳಿಗೆ ಬಾಗಿಲು ಹಾಕಿ ಒಳಗೆ ನಾವೇ ಹೊಗೆ ಹಾಕುತ್ತೇವೆ.

ಈ ಹೊಗೆಯಲ್ಲಿ ಪಿಎಂ 2.5 ಎನ್ನುವ ಅತಿ ಸಣ್ಣ ಕಣಗಳಿವೆ. ಅವು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಬೆಂಜೀನ್, ಫಾರ್ಮಾಲ್ಡಿಹೈಡ್ ಕೂಡ ಇದೇ ಹೊಗೆಯಲ್ಲಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು ಬಂದಾಗ ನಾವು ದೃಷ್ಟಿ ಅಂದುಕೊಳ್ಳುತ್ತೇವೆ! ಸಿಂಗಾಪುರದಲ್ಲಿ 60,000ಕ್ಕೂ ಹೆಚ್ಚು ಚೀನೀಯರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಒಂದು ಅಧ್ಯಯನ ಬಂತು. ದೀರ್ಘಕಾಲ ಧೂಪ ಉರಿಸಿದವರಲ್ಲಿ ಮೂಗು, ಗಂಟಲಿನಂಥ ಉಸಿರಿನ ಮೇಲ್ಭಾಗದ ಕ್ಯಾನ್ಸರ್ ಹೆಚ್ಚಿತ್ತು. ಶ್ವಾಸಕೋಶದ ಕ್ಯಾನ್ಸರ್ ಒಟ್ಟಾರೆಯಾಗಿ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ, ಅದನ್ನೂ ಹೇಳಬೇಕು.

ನಮ್ಮದೇ ಒಂದು ತಪ್ಪು ಹೇಳುತ್ತೇವೆ. ಮೌಲೂದಿನ ದಿನ ಪರಿಮಳ ಹೋಗಬಾರದೆಂದು ಮದ್ರಸದ ಬಾಗಿಲು ಹಾಕಿ ಊದು ಹಾಕಿದ್ದೆವು. ಎರಡನೇ ಕ್ಲಾಸಿನ ಹುಡುಗನಿಗೆ ಎದೆ ಕುಯ್‌ಗುಟ್ಟತೊಡಗಿತು. ಅಂಗಳಕ್ಕೆ ಎತ್ತಿಕೊಂಡು ಓಡಿದೆವು. ಅವನಿಗೆ ಆಸ್ತಮಾ ಇದೆಯೆಂದು ಗೊತ್ತಾದದ್ದು ಆಮೇಲೆ. ಈಗ ಮಕ್ಕಳು ಬರುವ ಅರ್ಧ ಗಂಟೆ ಮೊದಲೇ, ಕಿಟಕಿ ತೆರೆದು, ಉಗುರಿನಷ್ಟು ಚೂರು ಹಾಕಿ ಮುಗಿಸುತ್ತೇವೆ. ಕರೆಂಟಿನ ಬರ್ನರ್ ತಂದರೆ ಕೆಂಡದ ವಿಷ ತಪ್ಪುತ್ತದೆ, ಊದಿನ ಹೊಗೆ ತಪ್ಪುವುದಿಲ್ಲ. ಸುಗಂಧ ಹಚ್ಚುವುದು ಸುನ್ನತ್, ಅದಕ್ಕೆ ಹೊಗೆಯೇ ಆಗಬೇಕೆಂದಿಲ್ಲ. ಅತ್ತರ್ ಇದೆಯಲ್ಲ.

ಹೆಚ್ಚು ಹೆದರಿಕೆ ಬಾಣಂತಿ ಕೋಣೆಯದ್ದು. ಸ್ನಾನ ಮಾಡಿಸಿದ ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾರೆ, ಗಾಳಿ ತಾಗಬಾರದೆಂದು ಬಾಗಿಲೂ ಹಾಕುತ್ತಾರೆ. ಪಕ್ಕದ ಮನೆಯ ಅಜ್ಜಿಗೆ ಹೇಳಿದಾಗ, "ನಾವೆಲ್ಲ ಇದರಲ್ಲೇ ಬೆಳೆದದ್ದಲ್ವಾ ಉಸ್ತಾದೇ" ಎಂದರು. ನಿಮ್ಮ ಮಾಡು ಯಾವುದಿತ್ತು ಎಂದು ಕೇಳಿದೆವು. ಸ್ವಲ್ಪ ಹೊತ್ತು ಮೇಲೆ ನೋಡಿದರು. ಈಗ ಕೂಸಿನ ತಲೆಯನ್ನು ಬಟ್ಟೆಯಲ್ಲೇ ಒರೆಸಿ ಆರಿಸುತ್ತಾರಂತೆ, ಕಿಟಕಿಗೆ ಸೊಳ್ಳೆ ಬಲೆಯನ್ನೂ ಹಾಕಿಸಿದ್ದಾರೆ.