ರೋಮಕೂಪದ ಉರಿಯೂತ

ಬಳ್ಳಾರಿಯ ಬೇಸಗೆ ಕಠೋರವಾದುದು. ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವುದು ಅಲ್ಲಿ ಅಪರೂಪವಲ್ಲ. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿಯೂ ಕುರುಗೋಡಿನ ಹೊಲಗಳಲ್ಲಿಯೂ ದುಡಿಯುವವರ ಕತ್ತು, ಬೆನ್ನು, ತೊಡೆಗಳ ಮೇಲೆ ಆಗ ಕೆಂಪು ಗುಳ್ಳೆಗಳೇಳಬಹುದು. ಎಲ್ಲವನ್ನೂ ಬೆವರುಸಾಲೆಯೆಂದು ಬಗೆಯಲಾಗದು. ಗುಳ್ಳೆಯ ನಡುವೆ ಒಂದು ಕೂದಲು ನಿಂತಿದ್ದರೆ ಅದು ರೋಮಕೂಪದ ಉರಿಯೂತವಿರಬಹುದು.

ಕೂದಲಿನ ಬುಡವನ್ನು ಸುತ್ತುವರಿದ ಚೀಲದಂತಹ ಕುಳಿಯೇ ರೋಮಕೂಪ. ಬೆವರು, ಕ್ಷೌರದ ಗೀರು, ಬಿಗಿಯುಡುಪಿನ ತಿಕ್ಕಾಟ ಇವುಗಳಿಂದ ಅದರ ಬಾಯಿ ಘಾಸಿಗೊಂಡಾಗ ಸೂಕ್ಷ್ಮಜೀವಿಗಳು ಒಳನುಗ್ಗುತ್ತವೆ. (ಜೀನ್ಸ್ ತಯಾರಿಕೆಗೆ ಹೆಸರಾದ ಊರಿನಲ್ಲಿ ಆ ದಪ್ಪ ಬಟ್ಟೆಯನ್ನು ಬೇಸಗೆಯಲ್ಲಿ ತೊಡುವವರು ಇದನ್ನು ನೆನೆಯುವುದೊಳ್ಳೆಯದು!) ಅವುಗಳಲ್ಲಿ ಮುಖ್ಯವಾದುದು ಸ್ಟ್ಯಾಫಿಲೊಕಾಕಸ್. ಕೀವಿನಲ್ಲಿ ದ್ರಾಕ್ಷಿಗೊಂಚಲಿನಂತೆ ಕಂಡ ಇದಕ್ಕೆ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1882ರಲ್ಲಿ ಆ ಅರ್ಥದ ಗ್ರೀಕ್ ಹೆಸರನ್ನಿಟ್ಟರು. ಅನೇಕ ಆರೋಗ್ಯವಂತರ ಮೂಗಿನೊಳಗೇ ಇದು ನೆಲಸಿರುತ್ತದೆ.

ಉರಿಯೂತವು ಮೇಲ್ಪದರದಲ್ಲಿದ್ದರೆ ಪುಟ್ಟ ಕೀವುಗುಳ್ಳೆ; ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಾಯುತ್ತದೆ. ಆಳಕ್ಕಿಳಿದರೆ ನೋವಿನ ಕುರು. ಹಲವು ಕುರುಗಳು ಒಳಗೊಳಗೇ ಕೂಡಿಕೊಂಡರೆ ಕಾರ್ಬಂಕಲ್. ಮಧುಮೇಹಿಗಳಲ್ಲಿ ಇದರ ಸಂಭವ ಹೆಚ್ಚು. ಎದೆ, ಬೆನ್ನುಗಳಲ್ಲಿ ತುರಿಸುವ ಒಂದೇ ಗಾತ್ರದ ಗುಳ್ಳೆಗಳಿಗೆ ಮಲಸೀಜಿಯ ಎಂಬ ಶಿಲೀಂಧ್ರವೂ ಕಾರಣವಾಗಬಲ್ಲದು. ಅದಕ್ಕೆ ಬ್ಯಾಕ್ಟೀರಿಯಾನಾಶಕ ಔಷಧ ನಾಟದು.

ಕುರುವನ್ನು ಹಿಸುಕಿದರೆ ಸೋಂಕು ಸುತ್ತಲಿನ ಅಂಗಾಂಶಕ್ಕೆ ಹರಡಬಹುದು. ಮೂಗು, ಮೇಲ್ದುಟಿಗಳ ಸುತ್ತ ಇದು ಇನ್ನೂ ಅಪಾಯಕರ. ಅಲ್ಲಿನ ಅಭಿಧಮನಿಗಳಿಗೆ ಮಿದುಳಿನ ಬಳಿಯ ರಕ್ತನಾಳಗಳೊಡನೆ ಸಂಬಂಧವಿದೆ. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯ ಶಾಖವೇ ಮೊದಲ ಉಪಚಾರ. ಜ್ವರ ಬಂದರೆ, ಕೆಂಪು ಹಬ್ಬುತ್ತ ಹೋದರೆ, ವೈದ್ಯರು ನೋಡಲೇಬೇಕು. ಆಳದ ಕೀವನ್ನು ಅವರೇ ಕೊಯ್ದು ತೆಗೆಯುತ್ತಾರೆ.