ಅವನ ಸಾಲನ್ನೇ ಅವನಿಗೆ

1975ರ ಸೆಪ್ಟೆಂಬರ್ 18ರಂದು ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದಲ್ಲಿ ಕವಿ, ಗಾಯಕಿ ಪ್ಯಾಟಿ ಸ್ಮಿತ್ ಒಂದು ಪುಟ್ಟ ಹಾಡನ್ನು ಧ್ವನಿಮುದ್ರಿಸಿದರು. ಮೂರು ನಿಮಿಷದೊಳಗೆ ಮುಗಿದುಹೋಗುತ್ತದೆ. ಹೆಸರು 'ಎಲಿಜಿ', ಅಂದರೆ ಚರಮಗೀತೆ. ಐದು ವರ್ಷದ ಹಿಂದೆ ಅದೇ ತಾರೀಕು ಗಿಟಾರ್ ವಾದಕ, ಗಾಯಕ ಜಿಮಿ ಹೆಂಡ್ರಿಕ್ಸ್ ಲಂಡನ್ನಿನಲ್ಲಿ ತೀರಿಕೊಂಡಿದ್ದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ತಿಥಿಯ ದಿನ. ಆ ಸ್ಟುಡಿಯೊ ಕಟ್ಟಿಸಿದವನೂ ಅವನೇ.

ಪ್ಯಾಟಿಗೆ ಆ ಕಟ್ಟಡದ ಮೆಟ್ಟಿಲಿನ ನೆನಪೊಂದಿತ್ತು. 2010ರಲ್ಲಿ ಬಂದ 'ಜಸ್ಟ್ ಕಿಡ್ಸ್' ಪುಸ್ತಕದಲ್ಲಿ ಅದನ್ನು ಬರೆದಿದ್ದಾರೆ. 1970ರ ಆಗಸ್ಟ್ ಕೊನೆಯಲ್ಲಿ ಸ್ಟುಡಿಯೊ ಉದ್ಘಾಟನೆ. ಆಹ್ವಾನ ಬಂದಿದ್ದರೂ ಒಳಗೆ ಹೋಗಲು ನಾಚಿ ಅವರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಹೊರಗೆ ಬಂದ ಹೆಂಡ್ರಿಕ್ಸ್ ಅವರನ್ನು ಕಂಡು ನಕ್ಕು, ಇಂಥ ಪಾರ್ಟಿಗಳೆಂದರೆ ತನಗೂ ಸಂಕೋಚವೇ ಎಂದ. ಪರದೇಶದಿಂದ ವಾಪಸು ಬಂದ ಮೇಲೆ ಎಲ್ಲ ಕಡೆಯ ವಾದ್ಯಗಾರರನ್ನು ಒಂದು ಬಯಲಲ್ಲಿ ವೃತ್ತವಾಗಿ ಕೂರಿಸಿ, ಎಲ್ಲರಿಗೂ ಸೇರಿದ ಒಂದು ಭಾಷೆ ಹುಟ್ಟುವವರೆಗೆ ನುಡಿಸುವ ಆಸೆಯಿದೆ ಎಂದೂ ಹೇಳಿದ. ಅವನು ವಾಪಸು ಬರಲಿಲ್ಲ. ತಿಂಗಳು ತುಂಬುವ ಮೊದಲೇ ಇಲ್ಲವಾದ.

ಇಷ್ಟು ನೆನಪಿಟ್ಟುಕೊಂಡು ಆ ಪದ್ಯ ಕೇಳಿದರೆ ಅಚ್ಚರಿಯಾಗುತ್ತದೆ. ಮೆಟ್ಟಿಲು ಅದರಲ್ಲಿಲ್ಲ. ಆ ನಗು ಇಲ್ಲ, ಗಿಟಾರಿಲ್ಲ. ಹೆಂಡ್ರಿಕ್ಸ್ ಎಂಬ ಹೆಸರೂ ಇಲ್ಲ. ಇರುವುದು ರಾತ್ರಿ, ಏನು ಮಾಡಬೇಕೆಂದು ತೋಚದೆ ಎದ್ದಿರುವ ಒಂದು ಜೀವ, ಆ ಜೀವದ ತಲೆನೋವು, ಮೂಳೆ, ಚರ್ಮ. ಸತ್ತವನ ಮುಖವನ್ನು ಚಿತ್ರಿಸಲು ಹೋಗದೆ, ಸಾವಿನ ಸುದ್ದಿ ಉಳಿದವರ ಮೈಯಲ್ಲಿ ಎಲ್ಲಿ ಹೋಗಿ ಕೂತಿದೆ ಎಂದು ಪದ್ಯ ಹುಡುಕುತ್ತದೆ. ನನ್ನ ಮಟ್ಟಿಗೆ ಚರಮಗೀತೆ ಬರೆಯುವ ಕಸುಬಿನ ಮೊದಲ ಪಾಠ ಇಲ್ಲಿದೆ.

ಯಾಕೆಂದರೆ ಹಾಡುಗಾರನಿಗೆ ಚರಮಗೀತೆ ಬರೆಯುವವರಿಗೆ ಬೇರೆ ಯಾರಿಗೂ ಇಲ್ಲದ ಒಂದು ತೊಡಕಿದೆ. ಅಜ್ಜಿ ತೀರಿಕೊಂಡರೆ ಆ ದನಿಯನ್ನು ಪದ್ಯ ನೆನಪಿಸಿಕೊಡಬಲ್ಲದು, ಬೇರೆ ದಾರಿಯೇ ಇಲ್ಲವಲ್ಲ. ಹಾಡುಗಾರನ ದನಿ ಎಲ್ಲಿಗೂ ಹೋಗಿಲ್ಲ. ಗುಂಡಿ ಒತ್ತಿದರೆ ಉಸಿರೆಳೆದುಕೊಳ್ಳುವ ಸದ್ದಿನ ಸಮೇತ ಬಂದು ಕಿವಿಗೆ ಬೀಳುತ್ತದೆ. ಅಂಥ ದನಿಯನ್ನು ಪದ್ಯದಲ್ಲಿ ವರ್ಣಿಸಲು ಹೊರಟರೆ ಮೂಲದ ಎದುರು ನಕಲು ಇಟ್ಟ ಹಾಗೆ. ನಮ್ಮಲ್ಲಿ ಮೆಚ್ಚಿನ ಗಾಯಕರು ಹೋದಾಗ ಪತ್ರಿಕೆ, ಫ್ಲೆಕ್ಸುಗಳಲ್ಲಿ ಬರುವ ಪದ್ಯಗಳನ್ನು ನೆನೆಯಿರಿ: ಗಾನಕೋಗಿಲೆ, ಅಮರ ಕಂಠ, ಮತ್ತೆ ಹುಟ್ಟಿ ಬಾ. ಬರೆದವರ ಕಣ್ಣೀರು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೋಗಿಲೆ ಎಂದ ಕೂಡಲೇ ಆ ಒಬ್ಬರ ಕಂಠ ಹೋಗಿ ಎಲ್ಲರ ಕಂಠವಾಗಿಬಿಡುತ್ತದೆ. ಹೆಸರು ಬದಲಿಸಿ ಅದೇ ಪದ್ಯವನ್ನು ಮುಂದಿನ ವರ್ಷ ಇನ್ನೊಬ್ಬರಿಗೂ ಅಚ್ಚು ಹಾಕಿಸಬಹುದು.

ಪ್ಯಾಟಿ ಏನು ಮಾಡಿದರು? ಪದ್ಯದ ಕೊನೆಗೆ ಹೆಂಡ್ರಿಕ್ಸನ ಒಂದು ಸಾಲನ್ನೇ, ಒಂದೆರಡು ಪದ ಆಚೀಚೆ ಮಾಡಿ, ತಂದಿಟ್ಟರು. ಅದು ಅವನ ಸಾಲೆಂದು ಗೊತ್ತಿಲ್ಲದೆಯೇ ನಾನು ವರ್ಷಗಟ್ಟಲೆ ಆ ಹಾಡು ಕೇಳಿದ್ದೆ. ಒಂದು ರಾತ್ರಿ ಅವನ 1968ರ 'ಎಲೆಕ್ಟ್ರಿಕ್ ಲೇಡಿಲ್ಯಾಂಡ್' ಹಾಕಿಕೊಂಡು ಮಲಗಿದ್ದೆ. ಅದರಲ್ಲಿ '1983' ಎಂಬ ಹದಿಮೂರು ನಿಮಿಷಕ್ಕೂ ಮೀರಿದ ಹಾಡೊಂದಿದೆ. ಯುದ್ಧದಲ್ಲಿ ನೆಲ ಹಾಳಾಗಿದೆ, ಪ್ರೇಮಿಗಳಿಬ್ಬರು ಕಡಲಿನೊಳಗೆ ಬದುಕಲು ಹೊರಟಿದ್ದಾರೆ. ಹೊರಡುವಾಗ ಅವನು, ಇಂದು ಜೊತೆಗೆ ಇಲ್ಲದ ಗೆಳೆಯರನ್ನು ನೆನೆದು ಮರುಗುತ್ತಾನೆ. ಆ ಸಾಲು ಕಿವಿಗೆ ಬಿದ್ದದ್ದೇ ಎದ್ದು ಕೂತೆ. ಇದನ್ನು ಎಲ್ಲಿ ಕೇಳಿದ್ದೇನೆಂದು ಹೊಳೆಯಲು ಎರಡು ಕ್ಷಣ ಬೇಕಾಯಿತು.

ಈ ಕೈಚಳಕವನ್ನು ನಿಧಾನವಾಗಿ ನೋಡಬೇಕು. ಮೂಲದಲ್ಲಿ ಆ ಮಾತು ಹೊರಟುಹೋಗುತ್ತಿರುವವನದು, ದಡದಲ್ಲೇ ನಿಂತವರ ಬಗ್ಗೆ. ಪ್ಯಾಟಿಯ ಬಾಯಲ್ಲಿ ಅದು ದಡದಲ್ಲಿ ನಿಂತವರದು, ಹೊರಟುಹೋದವನ ಬಗ್ಗೆ. ಸಾಲು ಹೆಚ್ಚುಕಡಿಮೆ ಅದೇ, ಮುಖ ಮಾತ್ರ ತಿರುಗಿದೆ. ಕಡಲಿಗೆ ಇಳಿಯುತ್ತ ಅವನು ಎಸೆದ ಮಾತನ್ನು ಏಳು ವರ್ಷದ ನಂತರ ದಡದಿಂದ ಒಬ್ಬರು ಹಿಡಿದು, ಅವನೇ ಕಟ್ಟಿಸಿದ ಮನೆಯಲ್ಲಿ ನಿಂತು, ಅವನು ಸತ್ತ ದಿನ ಅವನಿಗೇ ಮರಳಿಸುತ್ತಾರೆ. ವಿಶೇಷಣ ಒಂದೂ ಬೇಕಾಗಲಿಲ್ಲ. ಹೆಂಡ್ರಿಕ್ಸನಿಗೆ ತನ್ನ ಗಿಟಾರಿನ ಮೇಲಿದ್ದ ಧೈರ್ಯ ತನ್ನ ಕಂಠದ ಮೇಲೆ ಎಂದೂ ಇರಲಿಲ್ಲ. ಅವನ ನೆನಪಿಗೆಂದು ಗಿಟಾರಿನ ಗುಂಗನ್ನು ಬಿಟ್ಟು ಅವನು ಬಾಯಿಬಿಟ್ಟು ಹಾಡಿದ ಮಾತನ್ನು ಆರಿಸಿಕೊಂಡಿದ್ದು ನನಗೆ ತುಂಬ ಪ್ರೀತಿಯ ಕೆಲಸವಾಗಿ ಕಾಣುತ್ತದೆ.

'ಎಲಿಜಿ' ಇರುವ ಆಲ್ಬಮ್ಮಿನಲ್ಲಿ, 'ಹಾರ್ಸಸ್' ಅದರ ಹೆಸರು, ಇನ್ನೊಬ್ಬ ಸತ್ತ ಗಾಯಕನೂ ಇದ್ದಾನೆ: 1971ರ ಜುಲೈ 3ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ, 'ದಿ ಡೋರ್ಸ್' ತಂಡದ ಜಿಮ್ ಮಾರಿಸನ್. ಪ್ಯಾಟಿಗೆ ಒಂದು ಕನಸು ಬಿದ್ದಿತ್ತು. ಮಾರಿಸನ್ ಅಮೃತಶಿಲೆಯ ಹಾಸಿನ ಮೇಲಿದ್ದಾನೆ, ಅವನಿಗೆ ರೆಕ್ಕೆಗಳಿವೆ, ರೆಕ್ಕೆಗಳು ಕಲ್ಲಿಗೆ ಅಂಟಿಕೊಂಡಿವೆ. ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಾನೆ. ಈ ಒಂದೇ ಪ್ರತಿಮೆಯಿಂದ 'ಬ್ರೇಕ್ ಇಟ್ ಅಪ್' ಹುಟ್ಟಿತು. ಇಲ್ಲಿ ತಂತ್ರ ಬೇರೆ. ಒಂದು ಕ್ರಿಯಾಪದ, 'ಒಡೆ' ಎಂಬುದು, ಮಂತ್ರದ ಹಾಗೆ ಮರಳಿ ಮರಳಿ ಬರುತ್ತದೆ. ದೊಡ್ಡ ಗಾಯಕ ಸತ್ತ ಮರುದಿನದಿಂದಲೇ ಅಭಿಮಾನಿಗಳು ಅವನನ್ನು ಮೂರ್ತಿ ಮಾಡತೊಡಗುತ್ತಾರೆ. ಈ ಪದ್ಯ ಮೂರ್ತಿಯನ್ನು ಒಡೆದು ಒಳಗಿನ ಹುಡುಗನನ್ನು ಹಾರಲು ಬಿಡಬಯಸುತ್ತದೆ. ಶ್ರದ್ಧಾಂಜಲಿ ಎಂದರೆ ಕಲ್ಲು ನಿಲ್ಲಿಸುವುದು ಎಂದುಕೊಂಡವರು ಇದನ್ನೊಮ್ಮೆ ಕೇಳಬೇಕು.

ಮಾರಿಸನ್ ತಾನೂ ಇಂಥ ಪದ್ಯ ಬರೆದವನೇ. ರೋಲಿಂಗ್ ಸ್ಟೋನ್ಸ್ ತಂಡದ ಬ್ರಯನ್ ಜೋನ್ಸ್ 1969ರ ಜುಲೈ 3ರಂದು ಈಜುಕೊಳದಲ್ಲಿ ಸತ್ತಾಗ, ಎರಡು ದಿನದ ನಂತರ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಅದೇ ತಂಡದ ಗಾಯಕ ಮಿಕ್ ಜಾಗರ್ ವೇದಿಕೆಯ ಮೇಲೆ ನಿಂತು ಕೀಟ್ಸ್ ಸತ್ತಾಗ ಶೆಲ್ಲಿ ಬರೆದ 1821ರ ಚರಮಗೀತೆಯ ಭಾಗ ಓದಿದ. ಸ್ವಂತ ಮಾತು ಹೊರಡದ ದಿನ ಹಳೆಯ ಕವಿಯ ಹೆಗಲು ಹಿಡಿಯುವುದು ತಪ್ಪಲ್ಲ. ಅದೇ ತಿಂಗಳು ಹಾಲಿವುಡ್ಡಿನ ಅಕ್ವೇರಿಯಸ್ ಥಿಯೇಟರಿನಲ್ಲಿ ಡೋರ್ಸ್ ಕಛೇರಿಗೆ ಬಂದವರ ಕೈಗೆ ಮಾರಿಸನ್ ಒಂದು ಅಚ್ಚಾದ ಪದ್ಯ ಕೊಡಿಸಿದ. ಅದು ಜೋನ್ಸನಿಗಾಗಿ ಬರೆದದ್ದು. ಹಾಡಲಿಲ್ಲ ಎಂಬುದನ್ನು ಗಮನಿಸಿ. ಹಾಡುವವನೊಬ್ಬ ಸತ್ತ ಇನ್ನೊಬ್ಬ ಸಂಗೀತಗಾರನಿಗಾಗಿ ಕಾಗದದ ಮೌನವನ್ನು ಆರಿಸಿಕೊಂಡ. ಜೋನ್ಸ್ ಸತ್ತು ಸರಿಯಾಗಿ ಎರಡು ವರ್ಷದ ನಂತರ, ಅದೇ ತಾರೀಕು, ಮಾರಿಸನ್ ಕೂಡ ಹೋದ. ಹೆಂಡ್ರಿಕ್ಸ್, ಜೋನ್ಸ್, ಮಾರಿಸನ್, ಮೂವರಿಗೂ ಇಪ್ಪತ್ತೇಳೇ ವರ್ಷ. ಈ ಸಂಖ್ಯೆಯ ಸುತ್ತ ಜನ ಕಟ್ಟಿಕೊಂಡ ರೋಚಕ ಕಥೆ ನನಗೆ ಹಿಡಿಸುವುದಿಲ್ಲ, ಸತ್ತವರನ್ನು ಅದು ಲೆಕ್ಕಕ್ಕೆ ಇಳಿಸುತ್ತದೆ.

1994ರ ಏಪ್ರಿಲ್‌ನಲ್ಲಿ 'ನಿರ್ವಾಣ' ತಂಡದ ಕರ್ಟ್ ಕೊಬೇನ್ ಸಿಯಾಟಲ್‌ನ ತನ್ನ ಮನೆಯಲ್ಲಿ ಜೀವ ಕಳೆದುಕೊಂಡ. ಅವನಿಗೂ ಅಷ್ಟೇ ವಯಸ್ಸು. ಅವನಿಗಾಗಿ ಕವಿ ಜಿಮ್ ಕ್ಯಾರಲ್ ಬರೆದದ್ದು ಎಂಟು ತುಣುಕುಗಳ ಪದ್ಯ. ಹೆಸರಿನಲ್ಲೇ 'ತುಣುಕು' ಎಂಬ ಮಾತಿದೆ. ಕ್ಯಾರಲ್ ನ್ಯೂಯಾರ್ಕಿನವನು, ಹರೆಯದಲ್ಲೇ ಹೆರಾಯಿನ್ನಿಗೆ ಬಿದ್ದು ಎದ್ದುಬಂದವನು, ಕವಿಯಾಗಿದ್ದುಕೊಂಡೇ ರಾಕ್ ಹಾಡಿದವನು. ಅಂಥವನಿಗೆ ಕೊಬೇನನ ಸಾವು ದೂರದ ಸುದ್ದಿಯಲ್ಲ, ತಾನು ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಹೊಂಡ.

ಎಂಟು ತುಣುಕು ಯಾಕೆ? ಸಹಜ ಸಾವಿನ ದುಃಖಕ್ಕೆ ಒಂದು ಓಟವಿರುತ್ತದೆ. ಅತ್ತು, ನೆನೆದು, ಸಮಾಧಾನಕ್ಕೆ ಬರುವ ಓಟ. ಹಳೆಯ ಚರಮಗೀತೆಗಳ ಬಂಧ ಅದೇ. ತಾನಾಗಿ ಜೀವ ಬಿಟ್ಟವನ ವಿಷಯದಲ್ಲಿ ಮನಸ್ಸು ಹಾಗೆ ಓಡುವುದಿಲ್ಲ. ಒಂದು ಕ್ಷಣ ಕನಿಕರ, ಇನ್ನೊಂದು ಕ್ಷಣ ಸಿಟ್ಟು, ಮತ್ತೆ ಮೊದಲಿನಿಂದ. ಕ್ಯಾರಲ್ ಆ ಒಡಕಿಗೆ ತೇಪೆ ಹಾಕಲಿಲ್ಲ, ಒಡಕನ್ನೇ ರೂಪ ಮಾಡಿಕೊಂಡ. ಪದ್ಯ ಕೊಬೇನನ ಬಗ್ಗೆ ಮಾತಾಡುವುದೂ ಇಲ್ಲ, ಕೊಬೇನನ ಜೊತೆ ಮಾತಾಡುತ್ತದೆ, 'ನೀನು' ಎಂದು, ಹೆಸರು ಹಿಡಿದು, ಮನೆಯ ದೊಡ್ಡವನು ತಮ್ಮನನ್ನು ಕೂರಿಸಿಕೊಂಡ ಹಾಗೆ. ಕೊನೆಯ ತುಣುಕು ಹೊಗಳಿಕೆಯಲ್ಲ, ಪ್ರಶ್ನೆ. ಇನ್ನು ಮುಂದೆ ಬರೆಯಲಾರದ ಹಾಡುಗಳ ಕುರಿತು, ಬರೆದು ಬದುಕಿದವನೊಬ್ಬ ಕೇಳುವ ಪ್ರಶ್ನೆ. ಉತ್ತರ ಹೇಳಬೇಕಾದವನು ಇಲ್ಲದ್ದರಿಂದ ಅದು ಹಾಗೇ ನಿಂತಿದೆ. ಅದಕ್ಕೆ ಉತ್ತರ ಜೋಡಿಸುವ ಆಸೆಯನ್ನು ಕ್ಯಾರಲ್ ತಡೆದುಕೊಂಡದ್ದೇ ದೊಡ್ಡದು.

ಸಿಯಾಟಲ್‌ನಲ್ಲಿ ಕೊಬೇನನ ಮನೆಗೆ ಹೊಂದಿಕೊಂಡ ವಿರೆಟಾ ಪಾರ್ಕಿನ ಮರದ ಬೆಂಚುಗಳ ಮೇಲೂ ಇಂಥ ಮಾತುಗಳಿವೆ. ಅಭಿಮಾನಿಗಳು ಬಂದು ಪೆನ್ನಿನಿಂದ, ಬಣ್ಣದಿಂದ ಹಲಗೆಯ ತುಂಬ ಬರೆದು ಹೋಗುತ್ತಾರೆ, ಒಬ್ಬರ ಅಕ್ಷರದ ಮೇಲೆ ಇನ್ನೊಬ್ಬರ ಅಕ್ಷರ. ಕವಿಗಳಲ್ಲದವರೂ ಅಲ್ಲಿ ಹಿಡಿಯುವುದು ಕ್ಯಾರಲ್ ಹಿಡಿದ ದಾರಿಯನ್ನೇ: ಹೆಸರು ಹಿಡಿದು ಅವನೊಂದಿಗೇ ಮಾತಾಡುತ್ತಾರೆ, ಇಲ್ಲವೇ ಅವನ ಹಾಡಿನ ಸಾಲನ್ನೇ ಅವನಿಗೆ ಬರೆದಿಡುತ್ತಾರೆ.

ಇನ್ನು ಪ್ಯಾಟಿಯ 'ಎಲಿಜಿ' ಹೆಂಡ್ರಿಕ್ಸನ ಬಳಿಯೇ ನಿಲ್ಲಲಿಲ್ಲ. 2006ರ ಅಕ್ಟೋಬರ್ 15ರಂದು ನ್ಯೂಯಾರ್ಕಿನ ಬವರಿ ಬೀದಿಯ ಸಿಬಿಜಿಬಿ ಕ್ಲಬ್ ಬಾಗಿಲು ಹಾಕಿತು. 1973ರಿಂದ ಎಷ್ಟೋ ತಂಡಗಳು ಕಣ್ಣುಬಿಟ್ಟ ಜಾಗ ಅದು. ಪ್ಯಾಟಿಯೂ ಅಲ್ಲಿ ಬೆಳೆದವರೇ. ಕೊನೆಯ ರಾತ್ರಿಯ ಕಛೇರಿ ಅವರದು, ಕೊನೆಯ ಹಾಡು 'ಎಲಿಜಿ'. ಆ ಹಾಡಿನೊಳಗೆ ಅವರು ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಓದಿದರು. ರಾಮೋನ್ಸ್ ತಂಡದ ಜೋಯಿ, ಡೀ ಡೀ, ಜಾನಿ ಮೂವರೂ ಅದರಲ್ಲಿದ್ದರು. ಬಿರುದು ಬಾವಲಿ ಏನೂ ಇಲ್ಲ, ಬರೀ ನಾಮಾವಳಿ. 1975ರಲ್ಲಿ ಒಬ್ಬನಿಗಾಗಿ ಬರೆದು ಅವನ ಹೆಸರನ್ನೂ ಹಾಕದೆ ಬಿಟ್ಟಿದ್ದ ಆ ಪದ್ಯದಲ್ಲಿ ಅಷ್ಟೂ ಜನಕ್ಕೆ ಜಾಗವಿತ್ತು.