ಎರಡನೇ ಶನಿವಾರದ ಕನ್ನ

2025ರ ಜನವರಿ 10 ಶುಕ್ರವಾರ. ಮರುದಿನ ಎರಡನೇ ಶನಿವಾರ, ಅದರಾಚೆ ಭಾನುವಾರ. ಹೊಸಪೇಟೆಯಲ್ಲಿ ಪ್ರಧಾನ ಕಚೇರಿ ಇರುವ ಬಳ್ಳಾರಿ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರು ಆ ಶುಕ್ರವಾರ ಎಂದಿನಂತೆ ಆರ್‌ಟಿಜಿಎಸ್, ನೆಫ್ಟ್ ಮೂಲಕ ಹಣ ಕಳುಹಿಸಿದರು. ಅವರ ಖಾತೆಯಿಂದ ಹಣ ಹೊರಟಿತು, ಮುಟ್ಟಬೇಕಾದವರಿಗೆ ಮುಟ್ಟಲಿಲ್ಲ. ತಾಂತ್ರಿಕ ತೊಡಕಿರಬೇಕು ಎಂಬ ಊಹೆ ಸೋಮವಾರ 13ನೇ ತಾರೀಖಿನ ಹೊತ್ತಿಗೆ ಸುಳ್ಳಾಯಿತು. ಆಗ ವರದಿಯಾದಂತೆ 2.34 ಕೋಟಿ ರೂಪಾಯಿ ಉತ್ತರ ಭಾರತದ ರಾಜ್ಯಗಳ 25 ಖಾತೆಗಳಿಗೆ ಹರಿದುಹೋಗಿತ್ತು. ಬಿಡಿಸಿಸಿ ಎಂದು ಕರೆಯುವ ಈ ಬ್ಯಾಂಕಿನಿಂದ, ಅದರ ಪಾವತಿಗಳನ್ನು ಮುಂದಕ್ಕೆ ಕಳುಹಿಸುವ ದೊಡ್ಡ ಬ್ಯಾಂಕಾದ ಐಡಿಬಿಐಗೆ ಹೋಗುವ ಎಕ್ಸ್‌ಎಂಎಲ್ ಕಡತದಲ್ಲಿ ಹಣ ಪಡೆಯುವವರ ಹೆಸರನ್ನು ಹಾಗೆಯೇ ಉಳಿಸಿ, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್‌ಗಳನ್ನು ಮಾತ್ರ ಬದಲಿಸಲಾಗಿತ್ತು. ಬ್ಯಾಂಕು ಆರ್‌ಟಿಜಿಎಸ್, ನೆಫ್ಟ್ ಸೇವೆ ನಿಲ್ಲಿಸಿ ಪೊಲೀಸರ ಮೊರೆ ಹೋಯಿತು.

ಈ ಪ್ರಕರಣದಲ್ಲಿ ಯಾವ ಗ್ರಾಹಕನೂ ಒಟಿಪಿ ಹೇಳಿರಲಿಲ್ಲ, ಯಾವ ರೈತನೂ ಅಪರಿಚಿತ ಲಿಂಕ್ ಒತ್ತಿರಲಿಲ್ಲ. ಶಾಖೆಯಲ್ಲಿ ಚಲನ್ ತುಂಬಿ, ಸಹಿ ಮಾಡಿ, ರಸೀದಿ ಪಡೆದು ಹೋದವರ ಹಣವೇ ಹಾದಿ ತಪ್ಪಿತು. ಸೈಬರ್ ವಂಚನೆ ಎಂದ ತಕ್ಷಣ ನಮಗೆ ಸಿಗುವ ಉಪದೇಶವೆಲ್ಲ ಗ್ರಾಹಕನ ಕಡೆ ಬೆರಳು ಮಾಡುತ್ತದೆ: ಎಚ್ಚರವಿರಲಿ, ಯಾರಿಗೂ ಪಿನ್ ಹೇಳಬೇಡಿ, ಆಸೆಗೆ ಬೀಳಬೇಡಿ. ಒಳ್ಳೆಯ ಮಾತುಗಳೇ. ಆದರೆ ಸಂಸ್ಥೆಯ ಒಳಗೆ ನಡೆಯುವ ಕಳವಿಗೆ ಅವು ಸಂಬಂಧವೇ ಇಲ್ಲದ ಮಾತುಗಳು. ನನ್ನ ವಾದ ಇಷ್ಟು: ಕಳ್ಳ ಒಳಗೆ ಬಂದನೇ ಎಂಬುದಕ್ಕಿಂತ, ಹಣ ಹೊರಟ ಗಳಿಗೆಗೂ ಲೆಕ್ಕ ತಾಳೆ ನೋಡಿದ ಗಳಿಗೆಗೂ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದೇ ನಷ್ಟದ ಗಾತ್ರವನ್ನು ನಿರ್ಧರಿಸುತ್ತದೆ. ಬ್ಯಾಂಕಿರಲಿ, ಸಂಡೂರಿನ ಗಣಿ ಕಂಪನಿಯಿರಲಿ, ಹಂಪಿಯ ಹೋಂಸ್ಟೇ ಇರಲಿ, ಮೊದಲ ರೂಪಾಯಿಯನ್ನು ಖರ್ಚು ಮಾಡಬೇಕಾದದ್ದು ಆ ಹೊತ್ತನ್ನು ಕಿರಿದು ಮಾಡುವುದಕ್ಕೆ.

ಕ್ಯಾಲೆಂಡರ್ ತೆಗೆದು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋದದ್ದು 2018ರ ಆಗಸ್ಟ್ 11ರಿಂದ 13ರ ನಡುವೆ. 11 ಎರಡನೇ ಶನಿವಾರವಾಗಿತ್ತು. ಆ ದಿನ 28 ದೇಶಗಳ ಎಟಿಎಂಗಳಿಂದ ಕೆಲವೇ ತಾಸುಗಳಲ್ಲಿ ಹಣ ಎಳೆಯಲಾಯಿತು. ಹೈದರಾಬಾದಿನ ಎ.ಪಿ. ಮಹೇಶ್ ಸಹಕಾರಿ ಬ್ಯಾಂಕಿನ 12 ಕೋಟಿಗೂ ಮೀರಿದ ಕಳವು 2022ರ ಜನವರಿಯ ಒಂದು ಭಾನುವಾರದ ಆಸುಪಾಸಿನದು. ಬಾಂಗ್ಲಾದೇಶದ ಕೇಂದ್ರ ಬ್ಯಾಂಕು ನ್ಯೂಯಾರ್ಕಿನಲ್ಲಿ ಇಟ್ಟಿದ್ದ ಖಾತೆಯಿಂದ 8.1 ಕೋಟಿ ಡಾಲರ್ ಕದ್ದವರು 2016ರ ಫೆಬ್ರುವರಿ 4ರ ಗುರುವಾರ ರಾತ್ರಿಯನ್ನು ಆರಿಸಿಕೊಂಡರು. ಢಾಕಾದಲ್ಲಿ ಶುಕ್ರವಾರ, ಶನಿವಾರ ರಜೆ, ಆಮೇಲೆ ನ್ಯೂಯಾರ್ಕಿನಲ್ಲಿ ಭಾನುವಾರ, ಹಣ ಸೇರಿದ ಮನಿಲಾದಲ್ಲಿ ಸೋಮವಾರ ಚೀನೀ ಹೊಸವರ್ಷದ ರಜೆ. ಬೆಂಗಳೂರಿನ ಕ್ರಿಪ್ಟೊ ಸಂಸ್ಥೆ ಕಾಯಿನ್‌ಡಿಸಿಎಕ್ಸ್‌ನಿಂದ 2025ರ ಜುಲೈ 19ರಂದು ಸುಮಾರು 379 ಕೋಟಿ ಹೋಯಿತು; ಅದೂ ಶನಿವಾರ. ಕಳ್ಳರಿಗೆ ನಮ್ಮ ಜಾಲದ ಗುಟ್ಟು ಎಷ್ಟು ಗೊತ್ತೋ, ನಮ್ಮ ರಜಾಪಟ್ಟಿಯೂ ಅಷ್ಟೇ ಗೊತ್ತು. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲಿರುಳು, ವರ್ಷದ ಎಲ್ಲ ದಿನ ನಡೆಯುತ್ತಿವೆ. ಹಣಕ್ಕೆ ರಜೆ ತೆಗೆದುಹಾಕಿದೆವು. ಲೆಕ್ಕ ನೋಡುವವರ ಪಾಳಿ ಮಾತ್ರ ಹಲವು ಸಂಸ್ಥೆಗಳಲ್ಲಿ ಹಳೆಯ ಹತ್ತರಿಂದ ಐದರಲ್ಲೇ ಉಳಿಯಿತು.

ಹೆಸರು ಸರಿಯಿದ್ದೂ ಹಣ ಬೇರೆಯವರ ಖಾತೆಗೆ ಹೋಗುವುದು ಹೇಗೆ ಎಂದು ಯಾರಿಗಾದರೂ ಅನ್ನಿಸಬೇಕು. ನಮ್ಮ ಪಾವತಿ ವ್ಯವಸ್ಥೆಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ ಮಾತ್ರ. ಚಲನ್‌ನಲ್ಲಿ ನಾವು ಬರೆಯುವ ಹೆಸರು ನಮ್ಮ ಸಮಾಧಾನಕ್ಕೆ. ಈ ಕೊರತೆ ರಿಸರ್ವ್ ಬ್ಯಾಂಕಿಗೆ ಗೊತ್ತಿಲ್ಲದ್ದೇನಲ್ಲ. ಹೊಸಪೇಟೆಯ ಘಟನೆಗೆ ಹನ್ನೊಂದು ದಿನ ಮೊದಲು, 2024ರ ಡಿಸೆಂಬರ್ 30ರಂದು, ಹಣ ಕಳುಹಿಸುವ ಮುನ್ನವೇ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ಅದು ಬ್ಯಾಂಕುಗಳಿಗೆ ಸೂಚಿಸಿತ್ತು. ಸ್ವಾಗತಾರ್ಹ ಹೆಜ್ಜೆ. ಆದರೆ ಹೊಸಪೇಟೆಯ ಕನ್ನವನ್ನು ಇದೊಂದೇ ತಡೆಯುತ್ತಿರಲಿಲ್ಲ. ಗ್ರಾಹಕ ಕೌಂಟರಿನ ಮುಂದೆ ನಿಂತಾಗ ಹೆಸರೂ ಸಂಖ್ಯೆಯೂ ಸರಿಯಾಗಿಯೇ ಇದ್ದವು. ಬದಲಾದದ್ದು ಆಮೇಲೆ, ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಕಡತ ಸಾಗುವ ಹಾದಿಯಲ್ಲಿ. ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದರೆ ಹಿತ್ತಿಲ ಗೋಡೆ ಗಟ್ಟಿಯಾಗುವುದಿಲ್ಲ.

ಹಾಗಾಗಿ ತಾಳೆ ನೋಡುವುದು ಎಂದರೇನು ಎಂಬುದನ್ನೇ ಬಿಡಿಸಿ ಹೇಳಬೇಕು. ಸಹಕಾರ ಸಂಘಗಳ ಖಿರ್ದಿ ಪುಸ್ತಕದ ಕಾಲದಿಂದ ನಮ್ಮಲ್ಲಿ ದಿನದ ಕೊನೆಗೆ ಲೆಕ್ಕ ಸೇರಿಸುವ ಶಿಸ್ತು ಇದೆ. ಇಷ್ಟು ಚಲನ್, ಇಷ್ಟು ಮೊತ್ತ, ಸರಿಹೊಂದಿತು, ಬೀಗ ಹಾಕಿ. ಜನವರಿ 10ರ ಕಡತಕ್ಕೆ ಈ ಪರೀಕ್ಷೆ ಮಾಡಿದ್ದರೂ ಅದು ತೇರ್ಗಡೆಯಾಗುವಂಥದ್ದೇ. ಹೆಸರು ಬದಲಾಗಿರಲಿಲ್ಲ, ಮೊತ್ತ ಮುಟ್ಟುವ ಅಗತ್ಯವೂ ಕಳ್ಳರಿಗೆ ಇರಲಿಲ್ಲ. ಬೇಕಾದದ್ದು ಸಾಲು ಸಾಲಾಗಿ ಖಾತೆ ಸಂಖ್ಯೆಯನ್ನು ಹೋಲಿಸುವ ತಾಳೆ: ಶಾಖೆಯಲ್ಲಿ ನಮೂದಾದದ್ದು ಒಂದು ಕಡೆ, ದೊಡ್ಡ ಬ್ಯಾಂಕು ನಿಜವಾಗಿ ಜಮೆ ಮಾಡಿದ ಖಾತೆಗಳ ಪಟ್ಟಿ ಇನ್ನೊಂದು ಕಡೆ. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಇತ್ಯರ್ಥವಾಗುತ್ತದೆ. ತಾಳೆಯೂ ಅದೇ ವೇಗದಲ್ಲಿ ನಡೆಯಬಹುದು. ಕಂಪ್ಯೂಟರಿಗೆ ಇದು ದೊಡ್ಡ ಕೆಲಸವಲ್ಲ. ಆದರೆ ತಾಳೆ ನೋಡುವ ಯಂತ್ರ, ಅದರ ಪಾಸ್‌ವರ್ಡ್, ಅದರ ಮುಂದೆ ಕೂರುವ ಮನುಷ್ಯ ಎಲ್ಲವೂ ಕಡತ ತಯಾರಿಸುವವರಿಂದ ಬೇರೆಯಾಗಿರಬೇಕು. ಇಲ್ಲವಾದರೆ ಒಮ್ಮೆ ಒಳಹೊಕ್ಕವನು ಎರಡೂ ಪಟ್ಟಿಗಳನ್ನು ತನಗೆ ಬೇಕಾದಂತೆ ತಿದ್ದಿಬಿಡುತ್ತಾನೆ. ಜೊತೆಗೆ, ಕಡತ ಹೊರಡುವ ಮೊದಲು ಅದಕ್ಕೆ ಡಿಜಿಟಲ್ ಮೊಹರು ಒತ್ತಿ, ಒಂದು ಅಂಕಿ ಬದಲಾದರೂ ಆಚೆಯ ಬ್ಯಾಂಕು ತಿರಸ್ಕರಿಸುವಂತೆ ಮಾಡಬೇಕು. ಈ ತಂತ್ರ ಹಳೆಯದು. ಅದನ್ನು ಒಪ್ಪಂದದಲ್ಲಿ ಕಡ್ಡಾಯ ಮಾಡುವ ಇಚ್ಛೆ ಎರಡೂ ಕಡೆ ಬೇಕು.

ಇದು ಬ್ಯಾಂಕುಗಳಿಗೆ ಮಾತ್ರ ಸೀಮಿತವಾದ ಮಾತಲ್ಲ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಸಂಗ್ರಹಣಾ ಪೋರ್ಟಲ್‌ಗೆ ಕನ್ನ ಬಿದ್ದು, ಗುತ್ತಿಗೆದಾರರ ಟೆಂಡರ್ ಠೇವಣಿ (ಇಎಂಡಿ) ಹಣದಲ್ಲಿ 11.5 ಕೋಟಿ ರೂಪಾಯಿ ಸಂಬಂಧವಿಲ್ಲದ ಖಾತೆಗಳಿಗೆ ಹೋಯಿತು. ಸಿಐಡಿ ತನಿಖೆ ನಡೆಸಿತು. ಅಲ್ಲಿಯೂ ಲಾಭವಾದದ್ದು ನಡುವಿನ ಹಾದಿಯಲ್ಲಿ ಕೈಯಾಡಿಸಿದವರಿಗೆ. ಸಂಡೂರಿನ ಅದಿರು ಸಾಗಿಸುವ ಲಾರಿ ಮಾಲೀಕರಿಗೆ ಹಣ ಕೊಡುವ ಕಂಪನಿಗೂ ಇದೇ ಪಾಠ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಇಮೇಲ್ ಬಂದರೆ ಅದೇ ಇಮೇಲಿಗೆ ಉತ್ತರ ಬರೆದು ಖಚಿತಪಡಿಸಿಕೊಳ್ಳಬಾರದು. ಮೊದಲಿನಿಂದ ಗೊತ್ತಿರುವ ಫೋನ್ ನಂಬರಿಗೆ ಕರೆ ಮಾಡಿ ಕೇಳಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಎಲ್ಲ ಕನ್ನದ ಮೂಲ ಮನುಷ್ಯನ ತಪ್ಪೇ ಅಲ್ಲವೇ, ಸಿಬ್ಬಂದಿಗೆ ತರಬೇತಿ ಕೊಟ್ಟರೆ ಸಾಲದೇ? ಮಹೇಶ್ ಬ್ಯಾಂಕಿನ ಕಥೆ ಶುರುವಾದದ್ದು ನೌಕರರಿಗೆ ಬಂದ ನಕಲಿ ಇಮೇಲ್‌ಗಳಿಂದ ಎಂಬುದು ನಿಜ. ಕಾಯಿನ್‌ಡಿಸಿಎಕ್ಸ್ ಪ್ರಕರಣದಲ್ಲೂ ತನಿಖೆ ಹೊರಳಿದ್ದು ಒಬ್ಬ ನೌಕರನ ಲ್ಯಾಪ್‌ಟಾಪಿನ ಕಡೆಗೆ. ತರಬೇತಿ ಬೇಡ ಎಂದು ಯಾರೂ ಹೇಳಲಾರರು. ಆದರೆ ನೂರು ಮಂದಿಯಲ್ಲಿ ತೊಂಬತ್ತೊಂಬತ್ತು ಮಂದಿ ಎಚ್ಚರವಾಗಿದ್ದರೂ ಕಳ್ಳನಿಗೆ ಬೇಕಾದದ್ದು ಉಳಿದ ಒಬ್ಬ. ಜೊತೆಗೆ, ತರಬೇತಿ ಪಡೆದವನೇ ಕಳ್ಳನ ಜೊತೆ ಸೇರಿದರೆ? 2024ರ ಕೊನೆಯಲ್ಲಿ ಬೆಂಗಳೂರಿನ ಕ್ರೆಡ್ ಕಂಪನಿಯ 12 ಕೋಟಿಗೂ ಹೆಚ್ಚು ಹಣ ಹೋದಾಗ ಪೊಲೀಸರು ಬಂಧಿಸಿದವರಲ್ಲಿ ಆ ಕಂಪನಿಯ ಖಾತೆ ಇದ್ದ ಬ್ಯಾಂಕಿನ ಅಧಿಕಾರಿಯೇ ಇದ್ದ. ಪೋಸ್ಟರ್ ಅಂಟಿಸಿ, ವರ್ಷಕ್ಕೊಂದು ಕಾರ್ಯಾಗಾರ ನಡೆಸಿ, ಹಾಜರಿ ಹಾಕಿ ಮುಗಿಸುವ ಸಂಸ್ಥೆ ನಿಜದಲ್ಲಿ ತನ್ನ ಹೊಣೆಯನ್ನು ಅತ್ಯಂತ ಕಡಿಮೆ ಸಂಬಳದ ಗುಮಾಸ್ತನ ಹೆಗಲಿಗೆ ದಾಟಿಸುತ್ತಿದೆ. ಅದು ನ್ಯಾಯವಲ್ಲ, ಅದರಿಂದ ಕೆಲಸವೂ ಆಗುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸಣ್ಣ ಸಹಕಾರಿ ಸಂಸ್ಥೆಗೆ ಇಷ್ಟೆಲ್ಲ ಖರ್ಚು ಎಲ್ಲಿಂದ? ಪಾವತಿಯನ್ನು ತಡೆದು ಪರೀಕ್ಷಿಸುತ್ತ ಕೂತರೆ, ಸಂಜೆಯೊಳಗೆ ಗೊಬ್ಬರದ ಅಂಗಡಿಗೆ ದುಡ್ಡು ಮುಟ್ಟಿಸಬೇಕಾದ ರೈತನ ಗತಿ ಏನು? ಎಲ್ಲ ಪಾವತಿಯನ್ನೂ ತಡೆಯಬೇಕಿಲ್ಲ. ಮೊದಲ ಬಾರಿ ಹಣ ಹೋಗುತ್ತಿರುವ ಖಾತೆ, ದೊಡ್ಡ ಮೊತ್ತ, ರಜೆಯ ಮುನ್ನಾ ಸಂಜೆ ಈ ಮೂರೂ ಕೂಡಿದಾಗ ಮಾತ್ರ ಒಂದು ಫೋನ್ ಕರೆಯಷ್ಟು ತಡ ಮಾಡಿದರೆ ಸಾಕು. ಪ್ರತಿ ವಾರ ಅದೇ ಅಂಗಡಿಗೆ ಹೋಗುವ ಹಣಕ್ಕೆ ತಡೆಯೇ ಇರುವುದಿಲ್ಲ. ಖರ್ಚಿನ ವಿಷಯ ನಿಜಕ್ಕೂ ಕಷ್ಟದ್ದು. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ಒಂದೇ ತಾಂತ್ರಿಕ ಸಂಸ್ಥೆಗೆ ರ‍್ಯಾನ್ಸಮ್‌ವೇರ್ ತಗಲಿದಾಗ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ಒಟ್ಟಿಗೇ ನಿಂತಿತು. ಅಂದರೆ ಸಣ್ಣ ಬ್ಯಾಂಕುಗಳು ಸೇವೆಯನ್ನು ಆಗಲೇ ಹಂಚಿಕೊಂಡಿವೆ, ಕಾವಲನ್ನು ಇನ್ನೂ ಹಂಚಿಕೊಂಡಿಲ್ಲ. ಅಪೆಕ್ಸ್ ಬ್ಯಾಂಕ್ ಮತ್ತು ನಬಾರ್ಡ್ ಕೂಡಿ ರಾಜ್ಯದ ಜಿಲ್ಲಾ ಬ್ಯಾಂಕುಗಳಿಗೆಲ್ಲ ಒಂದೇ ರಾತ್ರಿಪಾಳಿಯ ತಂಡ ಕಟ್ಟಿದರೆ ಒಂದೊಂದು ಬ್ಯಾಂಕಿನ ಪಾಲು ಹಗುರವಾಗುತ್ತದೆ.

ಕನ್ನ ಬಿದ್ದ ಮೇಲೆ ಏನು ಎಂಬುದು ಅರ್ಧದಷ್ಟು ವಿಷಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಆ ಜಾಗಕ್ಕೆ ಇಳಿಸಲು ಸಿದ್ಧ ಸ್ಟಾಪ್‌ಲಾಗ್ ಇರಲಿಲ್ಲ. ಕಾರ್ಖಾನೆಗಳಲ್ಲಿ ತಯಾರಿಸಿ ತಂದು ಕೂರಿಸುವಷ್ಟರಲ್ಲಿ ವಾರ ಹಿಡಿಯಿತು, ಅಷ್ಟೂ ದಿನ ನೀರು ನದಿಗೆ ಹರಿಯಿತು. ಹಣದ ಕನ್ನದಲ್ಲಿ ವಾರದ ಲೆಕ್ಕವಿಲ್ಲ, ತಾಸಿನ ಲೆಕ್ಕ. ಬಾಡಿಗೆಗೆ ಪಡೆದ ಖಾತೆಗೆ ಬಿದ್ದ ಹಣ ಅಲ್ಲಿಂದ ಹತ್ತು ಖಾತೆಗೆ ಒಡೆದು, ಎಟಿಎಂನಿಂದ ನಗದಾಗಿ ಹೊರಬೀಳುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹೋಗಬೇಕು, ಆಯಾ ಬ್ಯಾಂಕುಗಳು ಹಣ ತಡೆಹಿಡಿಯಬೇಕು. ಸೈಬರ್ ಘಟನೆಯನ್ನು ಆರು ತಾಸಿನೊಳಗೆ ತನಗೆ ತಿಳಿಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಆದೇಶಿಸಿದೆ. ಯಾರು ಕರೆ ಮಾಡಬೇಕು, ಪಾವತಿ ಜಾಲವನ್ನು ಕಡಿದುಹಾಕುವ ಅಧಿಕಾರ ಯಾರದು, ದೊಡ್ಡ ಬ್ಯಾಂಕಿನಲ್ಲಿ ಭಾನುವಾರ ಫೋನ್ ಎತ್ತುವವರು ಯಾರು, ಇದೆಲ್ಲ ಮೊದಲೇ ಬರೆದಿಟ್ಟಿರಬೇಕು. ವ್ಯವಸ್ಥಾಪಕ ನಿರ್ದೇಶಕರ ಅನುಮತಿಗೆ ಕಾಯುತ್ತ ಕೂರುವ ಸಮಯ ಅದಲ್ಲ.

ಸುದ್ದಿ ಹೊರಬಿದ್ದರೆ ಠೇವಣಿದಾರರು ಗಾಬರಿಯಾಗಿ ಮುಗಿಬೀಳುತ್ತಾರೆ, ಒಳಗೊಳಗೇ ಸರಿಪಡಿಸೋಣ ಎನ್ನುವ ಮನೋಭಾವ ಆಡಳಿತ ಮಂಡಳಿಗಳಲ್ಲಿ ಸಹಜ. ಆ ಭಯವನ್ನು ತಳ್ಳಿಹಾಕಲಾರೆ. ಸಹಕಾರಿ ಬ್ಯಾಂಕಿನ ಬಂಡವಾಳವೇ ನಂಬಿಕೆ. ಆದರೆ ಗುಟ್ಟು ಮಾಡಿದಷ್ಟು ಹೊತ್ತೂ ಲಾಭ ಕಳ್ಳನದು. ಗ್ರಾಹಕನ ಹಕ್ಕೂ ಇಲ್ಲಿ ಸ್ಪಷ್ಟ: ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟಿನಲ್ಲಿ ತಪ್ಪು ಬ್ಯಾಂಕಿನದಾದರೆ ಗ್ರಾಹಕ ಒಂದು ರೂಪಾಯಿಯನ್ನೂ ಹೊರಬೇಕಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೇ ಸುತ್ತೋಲೆ ಕಳುಹಿಸಿದೆ. ಅದನ್ನು ಮೊದಲ ದಿನವೇ ಶಾಖೆಯ ಬಾಗಿಲಿಗೆ ಅಂಟಿಸಿದರೆ ಗಾಬರಿ ಅರ್ಧ ಇಳಿಯುತ್ತದೆ. ನಿರ್ಲಕ್ಷ್ಯಕ್ಕೆ ಬೆಲೆಯೂ ಇದೆ: ಮಹೇಶ್ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ 65 ಲಕ್ಷ ರೂಪಾಯಿ ದಂಡ ಹಾಕಿತು. ಹಣ ಕಳೆದುಕೊಂಡ ಸಂಸ್ಥೆಗೇ ದಂಡವೇ ಎಂದು ಕೆಲವರಿಗೆ ಅನ್ನಿಸಬಹುದು. ಆ ಹಣ ಠೇವಣಿದಾರರದು ಎಂಬುದನ್ನು ನೆನೆದರೆ ದಂಡ ಸರಿಯಾದದ್ದೇ.

ಈ ವಿಚಾರ ಹೊಸಪೇಟೆಯ ಪ್ರಧಾನ ಕಚೇರಿಯ ಮೆಟ್ಟಿಲಿಗೇ ನಿಲ್ಲುವುದಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 2,516 ಕೋಟಿಯ ಯೋಜನೆಯಡಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣ ಶುರುವಾಯಿತು. ಬುಕ್ಕಸಾಗರ, ಕಂಪ್ಲಿ ಸುತ್ತಿನ ಭತ್ತ, ಬಾಳೆ ಬೆಳೆಗಾರರ ಸಾಲದ ಲೆಕ್ಕ ಕಾಗದದಿಂದ ಜಾಲಕ್ಕೆ ಹೋಗುವುದು ಒಳ್ಳೆಯದೇ; ಕೈಬರಹದ ಪುಸ್ತಕದಲ್ಲಿ ನಡೆಯುತ್ತಿದ್ದ ಹಳೆಯ ಮೋಸಗಳು ಅದರಿಂದ ಕಡಿಮೆಯಾಗುತ್ತವೆ. ಹೊಸ ಬಾಗಿಲುಗಳೂ ತೆರೆಯುತ್ತವೆ. ಸೆಪ್ಟೆಂಬರ್‌ನ ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶ, ಸಾಲಮನ್ನಾ, ಬಡ್ಡಿ ರಿಯಾಯಿತಿಯ ಜೊತೆಗೆ ಷೇರುದಾರರು ಕಾರ್ಯದರ್ಶಿಯನ್ನು ಇನ್ನೂ ಕೆಲವು ಮಾತು ಕೇಳಬೇಕು: ಸಂಘದಿಂದ ಹೊರಟ ಹಣ ಯಾವ ಖಾತೆ ಸಂಖ್ಯೆಗೆ ಸೇರಿತು ಎಂದು ಎಷ್ಟು ತಾಸಿನೊಳಗೆ ನೋಡುತ್ತೀರಿ, ನೋಡುವವರು ಯಾರು, ಬರುವ ಎರಡನೇ ಶನಿವಾರ ಅವರ ರಜೆಗೆ ಬದಲಿಯಾಗಿ ಯಾರನ್ನು ಇಟ್ಟಿದ್ದೀರಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಲೆಕ್ಕಪರಿಶೋಧನೆಯಲ್ಲಿ ಅದರಂತೆ ನಡೆದಿದೆಯೇ ಎಂದು ಪರಿಶೀಲಿಸುವಂತೆ ಠರಾವು ಮಾಡಿಸುವ ಅಧಿಕಾರ ಸದಸ್ಯರಿಗಿದೆ.